ಮಗು ನಡೆಯುವ ಕಾಲ: ಒಂದು ಚಾರಿತ್ರಿಕ ವಿವೇಚನೆ

ಪೀಠಿಕೆ

ಮಗು ಎಷ್ಟನೆಯ ತಿಂಗಳಿಗೆ ನಡೆಯಬೇಕು? ಈ ಪ್ರಶ್ನೆಯನ್ನು ಇತಿಹಾಸ ವಿಭಾಗದ ಸಂಚಿಕೆಯೊಂದರಲ್ಲಿ ಎತ್ತುವುದು ವಾಚಕರಲ್ಲಿ ಕೆಲವರಿಗೆ ವಿಚಿತ್ರವಾಗಿ ತೋರಬಹುದು. ಇದು ವೈದ್ಯರಿಗೂ ಮನೆಯ ಹಿರಿಯರಿಗೂ ಸೇರಿದ ವಿಷಯವಲ್ಲವೆ ಎಂದು ಅವರು ಕೇಳಿದರೆ ಆ ಮಾತಿನಲ್ಲಿ ತಪ್ಪಿಲ್ಲ. ಆದರೆ 'ಇಷ್ಟನೆಯ ತಿಂಗಳಿಗೆ ನಡೆಯಬೇಕು' ಎಂಬ ಮಾತಿನೊಳಗೆ ಒಂದು ಅಳತೆಗೋಲು ಅಡಗಿದೆ. ಆ ಅಳತೆಗೋಲನ್ನು ಯಾರೋ ಕೆಲವರು, ಯಾವುದೋ ಒಂದು ಕಾಲದಲ್ಲಿ, ತಮ್ಮ ಕಣ್ಣೆದುರಿಗಿದ್ದ ಮಕ್ಕಳನ್ನು ನೋಡಿ ಸಿದ್ಧಪಡಿಸಿದರು. ಹಾಗೆ ಸಿದ್ಧವಾದ ವಸ್ತುವಿಗೆ ಒಂದು ಚರಿತ್ರೆ ಇದ್ದೇ ಇರುತ್ತದೆ. ಅದನ್ನು ಅರಿಯದೆ ಅಳತೆಗೋಲನ್ನು ಬಳಸುವವರು ಎರಡು ಬಗೆಯಲ್ಲಿ ತಪ್ಪುವುದುಂಟು. ಒಂದು, ಕಾರಣವಿಲ್ಲದೆ ಭಯಪಡುವುದು. ಇನ್ನೊಂದು, ಭಯಪಡಬೇಕಾದೆಡೆಯಲ್ಲಿ ಸುಮ್ಮನಿರುವುದು.

ಈ ವಿಷಯದತ್ತ ನಮ್ಮ ಗಮನ ಹರಿದುದು ಗ್ರಂಥಗಳಿಂದಲ್ಲ, ಮನೆಯಿಂದ. ನಮ್ಮ ಮನೆಯ ಹೆಣ್ಣುಮಗು ಹದಿನಾಲ್ಕು ತಿಂಗಳು ತುಂಬಿದರೂ ಹೆಜ್ಜೆಯಿಡಲಿಲ್ಲ, ಅಂಬೆಗಾಲನ್ನೂ ಇಡಲಿಲ್ಲ. ಕುಳಿತ ಭಂಗಿಯಲ್ಲಿಯೇ ಒಂದು ಕೈಯೂರಿ, ಕಾಲನ್ನು ಮುಂದಕ್ಕೆ ಚಾಚಿ, ನೆಲದ ಮೇಲೆ ಜರುಗುತ್ತ ಮನೆಯೆಲ್ಲ ಸುತ್ತುತ್ತಿತ್ತು. ಪಕ್ಕದ ಮನೆಯ ಮಗು ಹತ್ತನೆಯ ತಿಂಗಳಿಗೇ ನಡೆದಿತ್ತೆಂಬ ಸುದ್ದಿ ದಿನಕ್ಕೊಮ್ಮೆ ನಮ್ಮ ಕಿವಿಗೆ ಬೀಳುತ್ತಿತ್ತು. ನಮ್ಮ ತಾಯಿಯವರು ಮಾತ್ರ, "ನೀನೂ ಹೀಗೆಯೇ ಕೂತು ಜರುಗಿ, ಒಂದೂವರೆ ವರ್ಷಕ್ಕೆ ಎದ್ದವನು, ಸುಮ್ಮನಿರು" ಎನ್ನುತ್ತಿದ್ದರು. ಇತಿಹಾಸದ ಅಧ್ಯಾಪಕರಾದ ನಮಗೆ ಈ ಎರಡು ಸಾಕ್ಷ್ಯಗಳಲ್ಲಿ ಯಾವುದನ್ನು ನಂಬಬೇಕೆಂಬುದು ತಿಳಿಯಲಿಲ್ಲ. ಆಗ ಅಭ್ಯಾಸಬಲದಿಂದ ಆಕರಗಳನ್ನು ಹುಡುಕಲಾರಂಭಿಸಿದೆವು. ಆ ಹುಡುಕಾಟದ ಫಲವನ್ನು ಅಧ್ಯಾಪಕ ಮಿತ್ರರ ಮತ್ತು ವಿದ್ಯಾರ್ಥಿಗಳ ಮುಂದೆ ಇಡುವುದು ಈ ಲೇಖನದ ಉದ್ದೇಶ.

ಕಾಶ್ಯಪ ಸಂಹಿತೆಯ ಫಕ್ಕ ಪ್ರಕರಣ

ಮೊದಲು ನಮ್ಮ ಮನೆಗಳ ಆಚಾರವನ್ನು ನೋಡೋಣ. ಮಗು ಮಗುಚಿಕೊಂಡಾಗ, ಹೊಸ್ತಿಲು ದಾಟಿದಾಗ, ಮೊದಲ ಹೆಜ್ಜೆಯಿಟ್ಟಾಗ ಸಿಹಿ ಮಾಡಿ ನೆರೆಹೊರೆಗೆ ಹಂಚುವ ಪದ್ಧತಿ ಕನ್ನಡನಾಡಿನ ಹಲವು ಮನೆಗಳಲ್ಲಿ ಉಂಟು. ಇಲ್ಲಿ ಗಮನಿಸತಕ್ಕ ಅಂಶವೊಂದಿದೆ. ಅನ್ನಪ್ರಾಶನದಂತಹ ಸಂಸ್ಕಾರಕ್ಕೆ ಶಾಸ್ತ್ರವು ಆರನೆಯ ತಿಂಗಳೆಂದು ಕಾಲವನ್ನು ಗೊತ್ತುಮಾಡಿದೆ. ಹೊಸ್ತಿಲು ದಾಟುವ ಸಂಭ್ರಮಕ್ಕಾದರೋ ತಿಂಗಳ ನಿಯಮವಿಲ್ಲ. ಮಗು ದಾಟಿದ ದಿನವೇ ಹಬ್ಬ. ಅಂಬೆಗಾಲು, ದಟ್ಟಡಿ, ತಪ್ಪುಹೆಜ್ಜೆ ಎಂದು ಒಂದೊಂದು ಹಂತಕ್ಕೂ ಪ್ರತ್ಯೇಕವಾದ ಮಾತನ್ನಿಟ್ಟುಕೊಂಡ ನಮ್ಮ ಭಾಷೆ, ಈ ಹಂತಗಳ ಹೆಸರುಗಳಲ್ಲಿ ತಿಂಗಳ ಎಣಿಕೆಯನ್ನು ಸೇರಿಸಲಿಲ್ಲ.

ಇದರಿಂದ ನಮ್ಮ ಪೂರ್ವಿಕರು ನಡಿಗೆಯ ಕಾಲದ ವಿಷಯದಲ್ಲಿ ನಿಶ್ಚಿಂತರಾಗಿದ್ದರೆಂದು ತೀರ್ಮಾನಿಸುವುದು ಸರಿಯಲ್ಲ. ಶಿಶುಚಿಕಿತ್ಸೆಯನ್ನೇ ಪ್ರಧಾನವಾಗುಳ್ಳ ಆಯುರ್ವೇದ ಗ್ರಂಥವಾದ ಕಾಶ್ಯಪ ಸಂಹಿತೆಯಲ್ಲಿ 'ಫಕ್ಕ' ಎಂಬ ರೋಗದ ನಿರೂಪಣೆಯುಂಟು. ವೃದ್ಧಜೀವಕೀಯ ತಂತ್ರವೆಂಬ ಮತ್ತೊಂದು ಹೆಸರಿನ ಈ ಗ್ರಂಥ ನಮಗೆ ಪೂರ್ಣವಾಗಿ ದೊರೆತಿಲ್ಲ. ನೇಪಾಳದಲ್ಲಿ ಉಳಿದುಬಂದ ತಾಳೆಯೋಲೆಯ ಪ್ರತಿಯನ್ನು ಆಧರಿಸಿ 1938ರಲ್ಲಿ ಅದು ಅಚ್ಚಾಯಿತು; ನಡುನಡುವೆ ಓಲೆಗಳು ಲುಪ್ತವಾಗಿವೆ. ಅದೃಷ್ಟವಶಾತ್ ಫಕ್ಕದ ಭಾಗ ಉಳಿದಿದೆ. ಒಂದು ಸಂವತ್ಸರ ತುಂಬಿದರೂ ಕಾಲುಗಳಿಂದ ನಡೆಯದ ಮಗುವನ್ನು ಫಕ್ಕವೆಂದು ತಿಳಿಯತಕ್ಕದ್ದೆಂಬುದು ಅಲ್ಲಿಯ ಲಕ್ಷಣದ ಸಾರ.

ಆ ಗ್ರಂಥಕಾರನು ಕಾಲವನ್ನು ಹೇಳಿ ಅಷ್ಟಕ್ಕೇ ಬಿಡಲಿಲ್ಲ, ಕಾರಣವನ್ನೂ ವಿಂಗಡಿಸಿದನು. ಎದೆಹಾಲಿನ ದೋಷದಿಂದ ಬಂದುದು ಕ್ಷೀರಜ. ತಾಯಿ ಮತ್ತೆ ಗರ್ಭಿಣಿಯಾಗಿ, ಹಾಲು ಕಡಿಮೆಯಾಗಿ, ಮಗು ಸೊರಗಿದುದರಿಂದ ಬಂದುದು ಗರ್ಭಜ. ಜ್ವರಾದಿ ರೋಗಗಳಿಂದ ಬಂದುದು ವ್ಯಾಧಿಜ. ಒಣಗಿದ ತೋಳುತೊಡೆಗಳು, ದೊಡ್ಡದಾದ ಹೊಟ್ಟೆ, ಮೈಗೆ ಮೀರಿದಂತೆ ಕಾಣುವ ತಲೆ ಮೊದಲಾದ ಚಿಹ್ನೆಗಳನ್ನು ಅವನು ಹೇಳುತ್ತಾನೆ. ಚಿಕಿತ್ಸೆಯಲ್ಲಿ ಔಷಧಸಿದ್ಧವಾದ ತುಪ್ಪ, ತೈಲಾಭ್ಯಂಗ ಮೊದಲಾದವುಗಳ ಜೊತೆಗೆ, ಮಗು ಹಿಡಿದು ನಡೆಯಲು ಮೂರು ಗಾಲಿಗಳ ರಥವೊಂದನ್ನು ಮಾಡಿಸಬೇಕೆಂದು ವಿಧಿಸುತ್ತಾನೆ. ಚನ್ನಪಟ್ಟಣದ ಕುಶಲಕರ್ಮಿಗಳ ಅಂಗಡಿಗಳಲ್ಲಿ ಮಗು ನಿಂತು ತಳ್ಳುವ ಮೂರು ಗಾಲಿಯ ಮರದ ಬಂಡಿಯನ್ನು ನೋಡಿದವರಿಗೆ ಈ ರಥದ ಆಕಾರವನ್ನು ಊಹಿಸಿಕೊಳ್ಳುವುದು ಕಷ್ಟವಲ್ಲ.

ಗರ್ಭಜ ಫಕ್ಕದ ವರ್ಣನೆಗೆ ಒಂದು ಆಶ್ಚರ್ಯಕರವಾದ ಸಾದೃಶ್ಯ ದೂರದ ಆಫ್ರಿಕದಲ್ಲಿ ದೊರೆಯುತ್ತದೆ. ಈಗ ಘಾನಾ ಎನಿಸಿಕೊಂಡಿರುವ ಅಂದಿನ ಗೋಲ್ಡ್‌ಕೋಸ್ಟಿನಲ್ಲಿ ಸೇವೆ ಸಲ್ಲಿಸುತ್ತಿದ್ದ ಸಿಸಿಲಿ ವಿಲಿಯಮ್ಸ್ ಎಂಬ ವೈದ್ಯೆ 1930ರ ದಶಕದಲ್ಲಿ, ಎದೆಹಾಲು ಬಿಟ್ಟ ಮಕ್ಕಳಲ್ಲಿ ಕಾಣುವ ಒಂದು ಅಪೌಷ್ಟಿಕ ರೋಗವನ್ನು ವರ್ಣಿಸಿ, ಅಲ್ಲಿಯ ಗಾ ಭಾಷೆಯ 'ಕ್ವಾಷಿಯೋರ್ಕರ್' ಎಂಬ ಹೆಸರಿನಿಂದಲೇ ಅದನ್ನು ವೈದ್ಯಲೋಕಕ್ಕೆ ಪರಿಚಯಿಸಿದರು. ಮುಂದಿನ ಮಗು ಹುಟ್ಟಿದಾಗ ಸ್ಥಾನ ತಪ್ಪಿದ ಮಗುವಿಗೆ ಬರುವ ರೋಗವೆಂಬುದು ಆ ಹೆಸರಿನ ಅಭಿಪ್ರಾಯ. ಎರಡೂ ಒಂದೇ ರೋಗವೆಂದು ನಾವು ಸಾಧಿಸಹೊರಟಿಲ್ಲ. ಬೇರೆ ಬೇರೆ ನಾಡಿನ ಜನರು ಮಗುವಿನ ಕಾಲು ಸೋಲುವುದಕ್ಕೂ ತಾಯಿಯ ಹಾಲು ತಪ್ಪುವುದಕ್ಕೂ ಇರುವ ಸಂಬಂಧವನ್ನು ಕಂಡಿದ್ದರೆಂಬುದಷ್ಟೇ ನಮ್ಮ ಮಾತು. ನಡಿಗೆ ತಡವಾಗುವುದು ತಾನೇ ಒಂದು ರೋಗವಲ್ಲ, ಹಲವು ಕಾರಣಗಳ ಒಂದು ಚಿಹ್ನೆ ಎಂಬ ತಿಳಿವಳಿಕೆ ಇಷ್ಟು ಹಳೆಯದು.

ಸರಾಸರಿಯ ಆಳ್ವಿಕೆ

ಯೂರೋಪಿನ ಚರಿತ್ರೆ ಬೇರೆ ದಾರಿಯಲ್ಲಿ ಸಾಗಿತು. ಅಲ್ಲಿ ಶಿಶುವನ್ನು ಬಟ್ಟೆಯ ಪಟ್ಟಿಗಳಿಂದ ಬಿಗಿಯಾಗಿ ಸುತ್ತಿಡುವ ಪದ್ಧತಿ ಬಹುಕಾಲ ನಡೆದುಬಂದಿತು. ಬೆಳೆದ ಮೇಲೆ ಅಂಗಿಗೆ ದಾರ ಹೊಲಿದು, ಆ ದಾರವನ್ನು ಹಿಡಿದು ನಡೆಸುತ್ತಿದ್ದರು. ಗಾಲಿಯ ಚೌಕಟ್ಟುಗಳಲ್ಲಿ ನಿಲ್ಲಿಸುತ್ತಿದ್ದರು. ರೂಸೋ 1762ರಲ್ಲಿ ಪ್ರಕಟಿಸಿದ 'ಎಮಿಲ್' ಗ್ರಂಥದಲ್ಲಿ ಈ ಕಟ್ಟುಗಳನ್ನೂ ದಾರಗಳನ್ನೂ ಗಾಲಿಗಳನ್ನೂ ಖಂಡಿಸಿ, ಮಗುವನ್ನು ಬಯಲಿನಲ್ಲಿ ಬಿಟ್ಟರೆ ಬಿದ್ದೆದ್ದು ತಾನೇ ಕಲಿಯುವುದೆಂದು ವಾದಿಸಿದನು. ಚಾರ್ಲ್ಸ್ ಡಾರ್ವಿನ್ ತನ್ನ ಮೊದಲ ಮಗನ ಶೈಶವವನ್ನು ಕುರಿತು ಬರೆದಿಟ್ಟುಕೊಂಡಿದ್ದ ಟಿಪ್ಪಣಿಗಳನ್ನು 1877ರಲ್ಲಿ ಪ್ರಕಟಿಸಿದನು. ಹೀಗೆ ಒಂದೊಂದು ಮಗುವಿನ ದಿನಚರಿ ಬರೆಯುವ ಕಾಲ ಬಂದಿತು. ಆದರೆ ಒಂದು ಮಗುವಿನ ದಿನಚರಿಯಿಂದ ನಿಯಮ ಹುಟ್ಟಲಾರದು.

ನಿಯಮ ಹುಟ್ಟಿದುದು ಅಮೆರಿಕದಲ್ಲಿ, ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿ. ಯೇಲ್ ವಿಶ್ವವಿದ್ಯಾನಿಲಯದಲ್ಲಿ 1911ರಲ್ಲಿ ಶಿಶುಪರೀಕ್ಷಾ ಕೇಂದ್ರವೊಂದನ್ನು ಸ್ಥಾಪಿಸಿದ ಆರ್ನಾಲ್ಡ್ ಗೆಸೆಲ್, ಮಕ್ಕಳ ಚಲನವಲನಗಳನ್ನು ಚಲಚ್ಚಿತ್ರದಲ್ಲಿ ಸೆರೆಹಿಡಿದು, ಇಂತಿಷ್ಟು ವಾರಕ್ಕೆ ಇಂತಹ ಸಾಮರ್ಥ್ಯವೆಂದು ಪಟ್ಟಿಗಳನ್ನು ರಚಿಸಿದರು. ದೇಹದೊಳಗಿನ ಪಕ್ವತೆಯೇ ಬೆಳವಣಿಗೆಯನ್ನು ನಡೆಸುತ್ತದೆಂಬುದು ಅವರ ಸಿದ್ಧಾಂತ. ಮೇರಿ ಶರ್ಲಿ 1931ರಲ್ಲಿ 25 ಶಿಶುಗಳನ್ನು ಎರಡು ವರ್ಷಗಳ ಕಾಲ ಅನುಸರಿಸಿ ಕಂಡುದನ್ನು ಪ್ರಕಟಿಸಿದರು. ಮುಂದೆ 1967ರಲ್ಲಿ ಡೆನ್ವರ್ ಪರೀಕ್ಷೆ, 1969ರಲ್ಲಿ ನ್ಯಾನ್ಸಿ ಬೇಲಿಯವರ ಮಾನಕಗಳು ಹೊರಬಂದು ಜಗತ್ತಿನ ಹಲವೆಡೆ ಬಳಕೆಗೆ ಬಂದವು.

ಇವರ ಪರಿಶ್ರಮವನ್ನು ನಾವು ಲಘುವಾಗಿ ಕಾಣುವುದಿಲ್ಲ. ಆದರೆ ಆಕರಪರಿಶೀಲನೆಯ ಪ್ರಥಮ ಪ್ರಶ್ನೆಯನ್ನು ಇಲ್ಲಿಯೂ ಕೇಳಬೇಕಾಗುತ್ತದೆ: ಸಾಕ್ಷಿ ನುಡಿದವರು ಯಾರು? ಗೆಸೆಲ್ಲರ ಮಕ್ಕಳು ನ್ಯೂ ಹೇವನ್ ಪಟ್ಟಣದ ಮಧ್ಯಮವರ್ಗದ ಬಿಳಿಯ ಮನೆತನಗಳವರು. ಶರ್ಲಿಯವರ ಮಕ್ಕಳ ಸಂಖ್ಯೆ ಒಂದು ತರಗತಿಯ ವಿದ್ಯಾರ್ಥಿಗಳಷ್ಟೂ ಇಲ್ಲ. ಇಂತಹ ಮಕ್ಕಳ ಸರಾಸರಿಯು ಪಠ್ಯಪುಸ್ತಕಗಳ ಮೂಲಕ, ಅನಂತರ ತಾಯಂದಿರ ಕೈಪಿಡಿಗಳ ಮೂಲಕ, ಜಗತ್ತಿನ ಎಲ್ಲ ಮಕ್ಕಳಿಗೂ ಗಡುವಾಗಿ ಪರಿಣಮಿಸಿತು. ಸರಾಸರಿ ಎಂಬ ಮಾತಿನ ಅರ್ಥವೇ ಕೆಲವರು ಮುಂಚೆ, ಕೆಲವರು ಅನಂತರ ಎಂದಷ್ಟೆ. ಹನ್ನೆರಡು ತಿಂಗಳೆಂಬುದು ಸರಾಸರಿಯಾದರೆ, ಆರೋಗ್ಯವಂತ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿ ಹನ್ನೆರಡು ತಿಂಗಳಾದ ಮೇಲೆಯೇ ನಡೆಯುವವರು. ಸರಾಸರಿಯನ್ನು ಗಡುವೆಂದು ಓದಿದೊಡನೆ ಈ ಅರ್ಧದಷ್ಟು ಮಕ್ಕಳೂ ಹಿಂದುಳಿದವರ ಸಾಲಿಗೆ ಸೇರಿಬಿಡುತ್ತಾರೆ.

ಪದ್ಧತಿಗಳ ಸಾಕ್ಷ್ಯ

ಪಕ್ವತೆಯೊಂದೇ ಕಾರಣವಾಗಿದ್ದರೆ ಎಲ್ಲೆಡೆಯ ಮಕ್ಕಳೂ ಒಂದೇ ಕ್ರಮದಲ್ಲಿ, ಒಂದೇ ಕಾಲದಲ್ಲಿ ನಡೆಯಬೇಕಾಗಿತ್ತು. ಈ ವಿಷಯದಲ್ಲಿ ಬೇರೆ ಬೇರೆ ಸಮಾಜಗಳಿಂದ ದೊರೆತ ಸಾಕ್ಷ್ಯವನ್ನು ವಿದ್ಯಾರ್ಥಿಗಳು ಗಮನವಿಟ್ಟು ನೋಡಬೇಕು; ಅದು ಒಂದೇ ಕಡೆಗೆ ವಾಲುವುದಿಲ್ಲ.

ಅಮೆರಿಕದ ಮೂಲನಿವಾಸಿಗಳಾದ ಹೋಪಿ ಜನರು ಶಿಶುವನ್ನು ಹಲಗೆಯೊಂದಕ್ಕೆ ಸುತ್ತಿಕಟ್ಟಿ ಮಲಗಿಸುತ್ತಿದ್ದರು. ವೇಯ್ನ್ ಡೆನ್ನಿಸ್ ದಂಪತಿಗಳು 1940ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಹಲಗೆಗೆ ಕಟ್ಟಿ ಬೆಳೆಸಿದ ಮಕ್ಕಳೂ ಹಾಗೆ ಕಟ್ಟದೆ ಬೆಳೆಸಿದ ಮಕ್ಕಳೂ ನಡೆಯತೊಡಗಿದುದು ಹೆಚ್ಚುಕಡಿಮೆ ಒಂದೇ ವಯಸ್ಸಿನಲ್ಲಿ. ಇದು ಪಕ್ವತಾವಾದಕ್ಕೆ ಅನುಕೂಲವಾದ ಸಾಕ್ಷ್ಯ. ಆದರೆ ಅದೇ ಡೆನ್ನಿಸ್ 1960ರಲ್ಲಿ ಇರಾನಿನ ತೆಹರಾನ್ ನಗರದ ಅನಾಥಾಲಯಗಳ ವಿಷಯವನ್ನು ಬರೆದಾಗ ಚಿತ್ರ ಬದಲಾಯಿತು. ಒಂದು ಅನಾಥಾಲಯದಲ್ಲಿ ಒಂದರಿಂದ ಎರಡು ವರ್ಷದೊಳಗಿನ ಮಕ್ಕಳ ಪೈಕಿ ಕುಳಿತುಕೊಳ್ಳಬಲ್ಲವರು ಅರ್ಧಕ್ಕಿಂತ ಕಡಿಮೆ. ನಡೆಯಬಲ್ಲವರು ಒಬ್ಬರೂ ಇರಲಿಲ್ಲ. ದಿನದ ಬಹುಭಾಗ ಆ ಮಕ್ಕಳನ್ನು ತೊಟ್ಟಿಲಿನಲ್ಲಿ ಅಂಗಾತ ಮಲಗಿಸಿಯೇ ಇರಿಸುತ್ತಿದ್ದರು, ಎತ್ತಿ ಕೂರಿಸುವವರಿರಲಿಲ್ಲ. ಆರೈಕೆಯ ಜನ ಹೆಚ್ಚಾಗಿದ್ದ ಮತ್ತೊಂದು ಆಲಯದಲ್ಲಿ ಸ್ಥಿತಿ ಎಷ್ಟೋ ಮೇಲಾಗಿತ್ತು. ಹೋಪಿ ಮಗುವಿಗೆ ಹಲಗೆಯಿಂದ ಬಿಡುಗಡೆಯಿತ್ತು, ತಾಯಿಯ ಮಡಿಲಿತ್ತು. ತೆಹರಾನಿನ ಮಗುವಿಗೆ ಅವೆರಡೂ ಇರಲಿಲ್ಲ.

ಮೂರನೆಯ ಸಾಕ್ಷ್ಯ ಪೂರ್ವ ಆಫ್ರಿಕದ ಕೆನ್ಯ ದೇಶದ್ದು. ಅಲ್ಲಿಯ ಕಿಪ್ಸಿಗಿಸ್ ಜನರಲ್ಲಿ ಕೂರಿಸುವುದನ್ನೂ ನಡೆಸುವುದನ್ನೂ ತಾಯಂದಿರು ಉದ್ದೇಶಪೂರ್ವಕವಾಗಿ ಕಲಿಸುತ್ತಾರೆಂದು ಚಾರ್ಲ್ಸ್ ಸೂಪರ್ 1976ರಲ್ಲಿ ವರದಿ ಮಾಡಿದರು. ಆ ಮಕ್ಕಳು ಅಮೆರಿಕದ ಮಕ್ಕಳಿಗಿಂತ ಬೇಗ ಕುಳಿತರು, ಬೇಗ ನಡೆದರು. ಯಾರೂ ಕಲಿಸದ ಅಂಬೆಗಾಲಿನಲ್ಲಿ ಮಾತ್ರ ಮುಂದಿರಲಿಲ್ಲ. ಎಂದರೆ ಒಂದು ಸಮಾಜ ಯಾವುದನ್ನು ಬೆಲೆಯುಳ್ಳದ್ದೆಂದು ಎಣಿಸುತ್ತದೋ ಅದು ಬೇಗ ಬರುತ್ತದೆ.

ನಾಲ್ಕನೆಯದು ಇನ್ನೂ ಈಚಿನದು. ನಿದ್ರೆಯಲ್ಲಿ ಶಿಶುಗಳು ಹಠಾತ್ತನೆ ಮೃತಪಡುವುದನ್ನು ತಡೆಯಲು ಅಮೆರಿಕದಲ್ಲಿ 1994ರಿಂದ ಶಿಶುಗಳನ್ನು ಅಂಗಾತ ಮಲಗಿಸಬೇಕೆಂಬ ಪ್ರಚಾರ ನಡೆಯಿತು. ಹಾಗೆ ಮಲಗುವ ಮಕ್ಕಳು ಮಗುಚಿಕೊಳ್ಳುವುದೂ ಅಂಬೆಗಾಲಿಡುವುದೂ ತುಸು ತಡವಾಯಿತು. ಆದರೆ ನಡೆಯುವ ವಯಸ್ಸಿನಲ್ಲಿ ಗಣನೀಯವಾದ ವ್ಯತ್ಯಾಸವಾಗಲಿಲ್ಲವೆಂದು 1998ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು.

ನಡಿಗೆ ಎಂಬುದು ಒಂದು ಬೀಜ ಮೊಳೆಯುವಂತೆ ಒಳಗಿನಿಂದಲೇ ಬರುವುದಲ್ಲ. ಹೊರಗಿನಿಂದ ತುಂಬುವ ವಿದ್ಯೆಯೂ ಅಲ್ಲ. ನವಜಾತ ಶಿಶುವನ್ನು ಎತ್ತಿ ನಿಲ್ಲಿಸಿ ಪಾದವನ್ನು ನೆಲಕ್ಕೆ ತಾಗಿಸಿದರೆ ಹೆಜ್ಜೆಯಿಡುವಂತೆ ಕಾಲಾಡಿಸುತ್ತದೆ. ಕೆಲವೇ ವಾರಗಳಲ್ಲಿ ಈ ಚಲನೆ ಮರೆಯಾಗುತ್ತದೆ. ಮಿದುಳಿನ ಬೆಳವಣಿಗೆಯಿಂದ ಅದು ಅಳಿಸಿಹೋಗುವುದೆಂದು ಹಿಂದೆ ತಿಳಿದಿದ್ದರು. ಎಸ್ತರ್ ಥೀಲೆನ್ ಮತ್ತು ಅವರ ಸಹೋದ್ಯೋಗಿಗಳು 1980ರ ದಶಕದಲ್ಲಿ ಅಂತಹ ಶಿಶುಗಳನ್ನು ಎದೆಮಟ್ಟದ ನೀರಿನಲ್ಲಿ ನಿಲ್ಲಿಸಿದಾಗ ಮರೆಯಾದ ಹೆಜ್ಜೆ ಮರಳಿ ಬಂದಿತು. ಕಾಲು ಕೊಬ್ಬಿ ಭಾರವಾಗಿತ್ತು, ಸ್ನಾಯುವಿಗೆ ಆ ಭಾರವನ್ನೆತ್ತುವ ಬಲ ಇನ್ನೂ ಬಂದಿರಲಿಲ್ಲ. ನೀರು ಭಾರವನ್ನು ಹೊತ್ತಿತು. ಹೀಗೆ ಮೂಳೆ, ಸ್ನಾಯು, ಮಿದುಳು, ಸಮತೋಲ, ಮೈಭಾರ, ಅಭ್ಯಾಸ ಇವೆಲ್ಲವೂ ಕೂಡಿಬಂದಾಗ ನಡಿಗೆ ಸಿದ್ಧಿಸುತ್ತದೆ. ಅಭ್ಯಾಸವೆಂದರೆ ಎಷ್ಟು? ಕಾರೆನ್ ಅಡಾಲ್ಫ್ ಮತ್ತು ಸಂಗಡಿಗರು 2012ರಲ್ಲಿ ಪ್ರಕಟಿಸಿದ ಎಣಿಕೆಯಂತೆ, ಹನ್ನೆರಡರಿಂದ ಹತ್ತೊಂಬತ್ತು ತಿಂಗಳ ಮಕ್ಕಳು ಆಟದಲ್ಲಿರುವಾಗ ಗಂಟೆಗೆ ಸರಾಸರಿ 2,368 ಹೆಜ್ಜೆಗಳನ್ನಿಡುತ್ತಾರೆ, 17 ಸಲ ಬೀಳುತ್ತಾರೆ. ಮಗುವಿಗೆ ಬೇಕಾದುದು ಬೀಳಲು ಅವಕಾಶವುಳ್ಳ ನೆಲ. ಮಗುವನ್ನು ಒಳಗೆ ಕೂರಿಸಿ ಉರುಳಿಸುವ ಗಾಲಿಪೀಠ ಈ ಕೆಲಸವನ್ನು ಮಾಡಲಾರದು. ಮೆಟ್ಟಿಲುಗಳಿಂದ ಉರುಳಿ ಪೆಟ್ಟಾಗುವುದನ್ನು ಕಂಡು ಕೆನಡಾ ದೇಶ 2004ರಲ್ಲಿ ಅದರ ಮಾರಾಟವನ್ನೇ ನಿಷೇಧಿಸಿತು. ಮಗು ತಾನೇ ನಿಂತು ತಳ್ಳುವ ಬಂಡಿಯ ಮಾತು ಬೇರೆ.

ದಿನಾಂಕದಿಂದ ಅವಧಿಗೆ

ಇಷ್ಟು ವೈವಿಧ್ಯವಿದ್ದಮೇಲೆ ಅಳತೆಗೋಲೇ ಬೇಡವೆ? ಬೇಕು, ಆದರೆ ಅದರ ಸ್ವರೂಪ ಬದಲಾಗಬೇಕು. ವಿಶ್ವ ಆರೋಗ್ಯ ಸಂಸ್ಥೆ ಭಾರತ, ಘಾನಾ, ನಾರ್ವೆ, ಓಮಾನ್ ಮತ್ತು ಅಮೆರಿಕ ಈ ಐದು ದೇಶಗಳ 816 ಮಕ್ಕಳನ್ನು ಅನುಸರಿಸಿ 2006ರಲ್ಲಿ ಫಲಿತಾಂಶವನ್ನು ಪ್ರಕಟಿಸಿತು. ಭಾರತದ ಮಕ್ಕಳು ದಕ್ಷಿಣ ದೆಹಲಿಯವರು. ತಾಯಿಯ ಹಾಲನ್ನುಂಡು, ಬೆಳವಣಿಗೆಗೆ ಬಡತನದ ಅಡ್ಡಿಯಿಲ್ಲದೆ ಬೆಳೆದ ಮಕ್ಕಳನ್ನು ಬುದ್ಧಿಪೂರ್ವಕವಾಗಿ ಆರಿಸಿಕೊಂಡಿದ್ದರೆಂಬುದನ್ನು ಇಲ್ಲಿ ನೆನಪಿಡಬೇಕು. ಮಕ್ಕಳು ಹೇಗೆ ಬೆಳೆಯುತ್ತಿದ್ದಾರೆ ಎಂಬುದಕ್ಕಿಂತ, ಅನುಕೂಲವಿದ್ದರೆ ಹೇಗೆ ಬೆಳೆಯಬಲ್ಲರು ಎಂಬುದು ಅವರ ಪ್ರಶ್ನೆ.

ಈ ಅಧ್ಯಯನವು ಒಂದು ತಿಂಗಳನ್ನು ಹೇಳದೆ ಒಂದೊಂದು ಸಾಮರ್ಥ್ಯಕ್ಕೂ ಒಂದು ಅವಧಿಯನ್ನು ಹೇಳಿತು. ನೂರು ಮಕ್ಕಳಲ್ಲಿ ಎಲ್ಲರಿಗಿಂತ ಮುಂಚಿನ ಒಬ್ಬರು ಸಾಧಿಸುವ ವಯಸ್ಸಿನಿಂದ ತೊಂಬತ್ತೊಂಬತ್ತು ಮಂದಿ ಸಾಧಿಸಿ ಮುಗಿಸುವ ವಯಸ್ಸಿನವರೆಗೆ ಆ ಅವಧಿ ಹಬ್ಬಿರುತ್ತದೆ. ಆಸರೆಯಿಲ್ಲದೆ ಕುಳಿತುಕೊಳ್ಳುವುದು 3.8ರಿಂದ 9.2 ತಿಂಗಳು, ಆಸರೆ ಹಿಡಿದು ನಿಲ್ಲುವುದು 4.8ರಿಂದ 11.4, ಅಂಬೆಗಾಲು 5.2ರಿಂದ 13.5; ಆಸರೆ ಹಿಡಿದು ನಡೆಯುವುದು 5.9ರಿಂದ 13.7, ತಾನಾಗಿ ನಿಲ್ಲುವುದು 6.9ರಿಂದ 16.9, ತಾನಾಗಿ ನಡೆಯುವುದು 8.2ರಿಂದ 17.6 ತಿಂಗಳು. ಎಂಟನೆಯ ತಿಂಗಳಿನಲ್ಲಿ ನಡೆದ ಮಗುವೂ ಹದಿನೇಳನೆಯ ತಿಂಗಳಿನಲ್ಲಿ ನಡೆದ ಮಗುವೂ ಒಂದೇ ಆರೋಗ್ಯದ ಎರಡು ತುದಿಗಳಲ್ಲಿರುವವರು. ಅಷ್ಟೇ ಅಲ್ಲದೆ, ಆ ಮಕ್ಕಳಲ್ಲಿ ನೂರಕ್ಕೆ 4.3 ಮಂದಿ ಅಂಬೆಗಾಲಿಡಲೇ ಇಲ್ಲ. ಅಮೆರಿಕದ ರೋಗನಿಯಂತ್ರಣ ಕೇಂದ್ರ 2022ರಲ್ಲಿ ತನ್ನ ಪಟ್ಟಿಯನ್ನು ಪರಿಷ್ಕರಿಸಿದಾಗ ಅಂಬೆಗಾಲನ್ನು ಕೈಬಿಟ್ಟಿತು. ಆಸರೆಯಿಲ್ಲದ ನಡಿಗೆಯನ್ನು ಹದಿನೆಂಟನೆಯ ತಿಂಗಳಿನ ಸಾಲಿನಲ್ಲಿ ಇರಿಸಿತು.

ಕಾಶ್ಯಪ ಸಂಹಿತೆಯ ಒಂದು ಸಂವತ್ಸರ ಇಂದಿನ ದೃಷ್ಟಿಯಲ್ಲಿ ಬಿಗಿಯಾದ ಗಡುವಾಗಿ ಕಾಣುತ್ತದೆ. ಕಾರಣಗಳನ್ನು ವಿಂಗಡಿಸಬೇಕೆಂಬ ಅದರ ದೃಷ್ಟಿಯಾದರೋ ಹಳತಾಗಿಲ್ಲ.

ನಮ್ಮ ದೇಶದಲ್ಲಿಯೂ ಈ ದಿಶೆಯಲ್ಲಿ ಗಣ್ಯವಾದ ಕೆಲಸ ನಡೆದಿದೆ. ಬರೋಡದಲ್ಲಿ ಪ್ರಮೀಳಾ ಫಾಟಕ್ ಅವರು ಬೇಲಿಯವರ ಮಾನಕಗಳನ್ನು ಭಾರತದ ಶಿಶುಗಳಿಗೆ ಹೊಂದಿಸಿದರು. ಅದನ್ನು ಆಧರಿಸಿ 1991ರಲ್ಲಿ ಹೊರಬಂದ ತಿರುವನಂತಪುರದ ಪಟ್ಟಿಯಲ್ಲಿ ಕೇವಲ 17 ಅಂಶಗಳಿವೆ. ಆರೋಗ್ಯ ಕಾರ್ಯಕರ್ತೆಯೊಬ್ಬರು ಮಗುವಿನ ವಯಸ್ಸಿನ ಎಡೆಯಲ್ಲಿ ಒಂದು ಪೆನ್ಸಿಲನ್ನು ನೆಟ್ಟಗೆ ಇಟ್ಟು, ಅದರ ಎಡಕ್ಕೆ ಉಳಿದ ಸಾಮರ್ಥ್ಯಗಳು ಮಗುವಿಗೆ ಬಂದಿವೆಯೆ ಎಂದು ಕೆಲವೇ ನಿಮಿಷಗಳಲ್ಲಿ ನೋಡಬಹುದು.

ಕಾಯುವಿಕೆಯ ಮಿತಿ

ಇಲ್ಲಿಯವರೆಗೆ ಹೇಳಿದುದನ್ನು ಓದಿ, ಹಾಗಾದರೆ ಸುಮ್ಮನೆ ಕಾಯಬಹುದೆಂದು ಯಾರಾದರೂ ತೀರ್ಮಾನಿಸಿದರೆ ಈ ಲೇಖನದಿಂದ ಹಾನಿಯೇ ಆದಂತಾಗುವುದು. ನಮ್ಮ ಪರಿಚಿತರೊಬ್ಬರ ಮನೆಯ ಗಂಡುಮಗು ಇಪ್ಪತ್ತು ತಿಂಗಳಿಗೆ ನಡೆಯಿತು. ನಡೆದ ಮೇಲೆಯೂ ಪದೇ ಪದೇ ಬೀಳುತ್ತಿತ್ತು, ಮೆಟ್ಟಿಲೇರಲು ಕಷ್ಟಪಡುತ್ತಿತ್ತು. ಗಂಡುಮಕ್ಕಳು ನಿಧಾನವೆಂದರು ಕೆಲವರು. ನಮ್ಮ ವಂಶವೇ ಹೀಗೆಂದರು ಹಿರಿಯರು. ನರರೋಗತಜ್ಞರ ಬಳಿಗೆ ಹೋದುದು ಐದು ವರ್ಷವಾದ ಮೇಲೆ. ಅದು ಸ್ನಾಯುಗಳು ಕ್ರಮೇಣ ಕ್ಷಯಿಸುವ ಡ್ಯುಶೇನ್ ರೋಗವೆಂದು ಆಗ ತಿಳಿಯಿತು. ಅಷ್ಟರಲ್ಲಿ ಎರಡನೆಯ ಗಂಡುಮಗು ಹುಟ್ಟಿತ್ತು. ಅದಕ್ಕೂ ಅದೇ ರೋಗ. ತಾಯಿಯಲ್ಲಿ ಆ ವಂಶವಾಹಿಯ ದೋಷವಿದ್ದಲ್ಲಿ ಹುಟ್ಟುವ ಒಬ್ಬೊಬ್ಬ ಮಗನಿಗೂ ಎರಡರಲ್ಲಿ ಒಂದು ಪಾಲು ರೋಗದ ಸಂಭವವಿರುತ್ತದೆಂಬುದನ್ನು ಆ ತಂದೆತಾಯಿಗಳಿಗೆ ಮೊದಲೇ ಹೇಳುವವರಿರಲಿಲ್ಲ. ಕ್ರಿಯಾಟಿನ್ ಕೈನೇಸ್ ಎಂಬ ಅಂಶವನ್ನು ಅಳೆಯುವ ಒಂದು ಸಾಮಾನ್ಯ ರಕ್ತಪರೀಕ್ಷೆಯಿಂದ ಈ ರೋಗದ ಶಂಕೆಯನ್ನು ಎರಡನೆಯ ವಯಸ್ಸಿನಲ್ಲಿಯೇ ಅರಿಯಬಹುದಾಗಿತ್ತು.

ಆದುದರಿಂದ ಅವಧಿ ಎಂಬುದಕ್ಕೆ ಎರಡು ತುದಿಗಳಿವೆಯೆಂಬುದನ್ನು ಮರೆಯತಕ್ಕದ್ದಲ್ಲ. ಒಂಬತ್ತು ತಿಂಗಳಾದರೂ ಆಸರೆಯಿಲ್ಲದೆ ಕುಳಿತುಕೊಳ್ಳದ ಮಗುವನ್ನೂ ಹದಿನೆಂಟು ತಿಂಗಳಾದರೂ ನಡೆಯದ ಮಗುವನ್ನೂ ವೈದ್ಯರಿಗೆ ತೋರಿಸಲೇಬೇಕು. ಕೆಲವು ಚಿಹ್ನೆಗಳಿದ್ದಲ್ಲಿ ಅಷ್ಟು ಕಾಲವೂ ಕಾಯಬಾರದು. ಮೈ ಬಟ್ಟೆಯಂತೆ ಜೋಲುವುದು, ಇಲ್ಲವೆ ಕೈಕಾಲುಗಳು ಸೆಟೆದಿರುವುದು. ದೇಹದ ಒಂದು ಪಾರ್ಶ್ವವನ್ನು ಮಾತ್ರ ಬಳಸುವುದು. ವರ್ಷ ತುಂಬುವ ಮೊದಲೇ ಒಂದೇ ಕೈಗೆ ಕಟ್ಟುಬೀಳುವುದು. ಸದಾ ತುದಿಗಾಲಿನಲ್ಲಿ ನಿಲ್ಲುವುದು. ಎಲ್ಲಕ್ಕಿಂತ ಮಿಗಿಲಾಗಿ, ಬಂದಿದ್ದ ಸಾಮರ್ಥ್ಯವು ಹಿಂದೆ ಹೋಗುವುದು. ತುಸು ದೊಡ್ಡ ಮಗು ನೆಲದಿಂದೇಳುವಾಗ ತನ್ನ ತೊಡೆಗಳ ಮೇಲೆ ತಾನೇ ಕೈಯೂರಿ ಹತ್ತುವಂತೆ ಏಳುವುದನ್ನು ಗವರ್ಸ್ ಎಂಬ ವೈದ್ಯನು 1879ರಲ್ಲಿಯೇ ಸ್ನಾಯುದೌರ್ಬಲ್ಯದ ಗುರುತೆಂದು ವರ್ಣಿಸಿದ್ದನು.

ಕಾರಣಗಳಲ್ಲಿ ಹಲವು ಚಿಕಿತ್ಸೆಗೆ ಒಳಪಡತಕ್ಕವು. ಡಿ ಜೀವಸತ್ವದ ಕೊರತೆಯಿಂದ ಮೂಳೆ ಮೆದುವಾಗುವ ರಿಕೆಟ್ಸ್ ಔಷಧದಿಂದ ಗುಣವಾಗುತ್ತದೆ. ಥೈರಾಯಿಡ್ ಗ್ರಂಥಿಯ ಕೊರತೆಯನ್ನು ಹುಟ್ಟಿದ ಕೆಲವೇ ವಾರಗಳಲ್ಲಿ ಗುರುತಿಸಿದರೆ ಮಾತ್ರೆಯಿಂದ ಸರಿದೂಗಿಸಬಹುದು. ತಡವಾದರೆ ಬುದ್ಧಿಗೆ ಆದ ನಷ್ಟ ಮರಳದು. ಲಂಡನ್ನಿನ ವೈದ್ಯ ವಿಲಿಯಂ ಲಿಟ್ಲ್ 1862ರಲ್ಲಿ ಹೆರಿಗೆಯ ತೊಡಕುಗಳೊಡನೆ ಸಂಬಂಧಿಸಿ ವಿವರಿಸಿದ ಮಿದುಳಿನ ವಾತ ಪೂರ್ಣವಾಗಿ ಗುಣವಾಗುವುದಲ್ಲವಾದರೂ, ಬೇಗ ಆರಂಭಿಸಿದ ಅಂಗಸಾಧನೆಯಿಂದ ಮಗುವಿಗೆ ಬಹಳ ನೆರವಾಗುತ್ತದೆ. ಕಣ್ಣು ಕಾಣದ ಮಗು ತಡವಾಗಿ ನಡೆಯುವುದು ಸಹಜ. ಎದುರಿಗೆ ಕರೆಯುವ ನೋಟವೇ ಅದಕ್ಕಿಲ್ಲ. ಇನ್ನು ತಿಂಗಳು ತುಂಬದೆ ಹುಟ್ಟಿದ ಮಗುವಿನ ವಯಸ್ಸನ್ನು ಎರಡು ವರ್ಷದವರೆಗೂ ಹೆರಿಗೆಯ ನಿರೀಕ್ಷಿತ ದಿನದಿಂದ ಎಣಿಸುವುದು ವೈದ್ಯರ ರೂಢಿ. ಎರಡು ತಿಂಗಳು ಮುಂಚೆ ಹುಟ್ಟಿ ಹದಿನಾಲ್ಕು ತಿಂಗಳಾದ ಮಗುವನ್ನು ಹನ್ನೆರಡು ತಿಂಗಳಿನದೆಂದೇ ನೋಡಬೇಕು.

ಪರೀಕ್ಷೆಗೆ ದೊಡ್ಡ ನಗರಕ್ಕೇ ಹೋಗಬೇಕೆಂದಿಲ್ಲ. ಸಮಗ್ರ ಶಿಶು ಅಭಿವೃದ್ಧಿ ಯೋಜನೆ 1975ರಲ್ಲಿ ಆರಂಭವಾದಂದಿನಿಂದ ಅಂಗನವಾಡಿಗಳು ಹಳ್ಳಿಗಳವರೆಗೆ ಹಬ್ಬಿವೆ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮವು 2013ರಿಂದ ಮಕ್ಕಳ ಬೆಳವಣಿಗೆಯ ವಿಳಂಬವನ್ನೂ ತನ್ನ ತಪಾಸಣೆಯ ವ್ಯಾಪ್ತಿಗೆ ತೆಗೆದುಕೊಂಡಿದೆ. ತಡವೆಂದು ಕಂಡ ಮಕ್ಕಳಿಗಾಗಿ ಜಿಲ್ಲಾಮಟ್ಟದಲ್ಲಿ ಶೀಘ್ರ ಮಧ್ಯಪ್ರವೇಶದ ಕೇಂದ್ರಗಳ ಏರ್ಪಾಡೂ ಅದರಲ್ಲಿದೆ.

ಉಪಸಂಹಾರ

ಹದಿನೈದನೆಯ ತಿಂಗಳಿನಲ್ಲಿ ನಾವು ನಮ್ಮ ಮಗುವನ್ನು ಮಕ್ಕಳ ವೈದ್ಯರ ಬಳಿಗೆ ಒಯ್ದೆವು. ಅವರು ಅದರ ಸೊಂಟ, ಕಾಲು, ಬೆನ್ನುಗಳನ್ನು ಪರೀಕ್ಷಿಸಿದರು, ಆಟವಾಡಿಸಿದರು, ಮಾತನಾಡಿಸಿದರು, ನಮ್ಮ ಶೈಶವವನ್ನೂ ಕೇಳಿದರು. ಕುಳಿತೇ ಜರುಗುವ ಮಕ್ಕಳು ನಡೆಯುವುದು ತಡವೆಂದೂ ಅದು ಕೆಲವು ಮನೆತನಗಳಲ್ಲಿ ಕಾಣುವುದುಂಟೆಂದೂ ಹೇಳಿ, ಹದಿನೆಂಟು ತಿಂಗಳಿಗೆ ನಡೆಯದಿದ್ದರೆ ಮತ್ತೆ ಕರೆತರುವಂತೆ ತಿಳಿಸಿದರು. ಹದಿನೇಳನೆಯ ತಿಂಗಳಿನ ಒಂದು ಸಂಜೆ ಮಗು ಗೋಡೆಯನ್ನು ಬಿಟ್ಟು ಮೂರು ಹೆಜ್ಜೆ ನಡೆದು ಕುಳಿತಿತು. ನಮ್ಮ ತಾಯಿಯವರು, "ನಾನು ಹೇಳಲಿಲ್ಲವೆ?" ಎಂದರು.

ಅವರು ಹೇಳಿದ್ದರು ನಿಜ. ಆದರೆ ಫಲವು ಸರಿಯಾಗಿ ಬಂದ ಮಾತ್ರಕ್ಕೆ ಅದಕ್ಕೆ ಮುಂಚಿನ ನಿರ್ಣಯ ಸರಿಯಾಗಿತ್ತೆಂದು ಹೇಳಲಾಗದೆಂಬುದನ್ನು ನಾವು ವಿದ್ಯಾರ್ಥಿಗಳಿಗೆ ಪ್ರತಿವರ್ಷವೂ ಕಲಿಸುತ್ತೇವೆ. ನಮ್ಮ ಪರಿಚಿತರ ಮನೆಯ ಹಿರಿಯರು ಆಡಿದುದೂ ಅಕ್ಷರಶಃ ಇದೇ ಮಾತು. ಎರಡು ಮನೆಗಳ ನಡುವಣ ಅಂತರವಿದ್ದುದು ಹಿರಿಯರ ವಿವೇಕದಲ್ಲಲ್ಲ. ಒಂದು ಮಗುವನ್ನು ಪರೀಕ್ಷಿಸಿ ಕಾದರು, ಇನ್ನೊಂದನ್ನು ಪರೀಕ್ಷಿಸದೆ ಕಾದರು. ಮನೆತನದ ನೆನಪು ಒಂದು ಸಾಕ್ಷ್ಯ; ವೈದ್ಯರು ಅದನ್ನು ಕೇಳಿದುದೂ ಆ ಕಾರಣದಿಂದಲೇ. ಸಾಕ್ಷ್ಯವನ್ನು ತೀರ್ಪೆಂದು ಭಾವಿಸಿದಾಗ ಅಪಾಯ ಒದಗುತ್ತದೆ.

ಎಷ್ಟು ಬೇಗ ತೋರಿಸಿದರೂ ನಡೆಯಲಾರದ ಮಕ್ಕಳೂ ನಮ್ಮ ನಡುವೆ ಇದ್ದಾರೆ. ಅವರಿಗೆ ಬೇಗನೆ ದೊರೆಯಬೇಕಾದುದು ಗಾಲಿಕುರ್ಚಿ, ಶಾಲೆ, ಗೆಳೆಯರು; ಮತ್ತು ನಮ್ಮ ಕಾಲೇಜುಗಳಲ್ಲಿ ಮೆಟ್ಟಿಲಿನ ಪಕ್ಕದಲ್ಲಿ ಒಂದು ಇಳಿಜಾರು ದಾರಿ. ಪರಿಚಿತರ ಹಿರಿಯ ಮಗ ಈಗ ಗಾಲಿಕುರ್ಚಿಯಲ್ಲಿ ಶಾಲೆಗೆ ಹೋಗುತ್ತಾನೆ. ಇತಿಹಾಸವೆಂದರೆ ಅವನಿಗೆ ಇಷ್ಟವೆಂದು ಕೇಳಿದ್ದೇವೆ. ಇನ್ನು ಕೆಲವು ವರ್ಷಗಳಲ್ಲಿ ಅವನು ನಮ್ಮಂತಹ ಒಂದು ವಿಭಾಗದ ಬಾಗಿಲಿಗೆ ಬರಬಹುದು. ಆ ಬಾಗಿಲಿನ ಹೊಸ್ತಿಲನ್ನು ಅವನು ದಾಟುವಂತೆ ಮಾಡುವುದು ನಮ್ಮ ಕೈಯಲ್ಲಿದೆ.